ನನಗಿಂತ ಮೊದಲು ಲಿಂಗಸುಗೂರು ಸೇರಿದ ತಟ್ಟೆ

ನಮ್ಮ ಬೀದಿಯಲ್ಲಿ ಈಗ ವಿದೇಶಕ್ಕೆ ಹೋಗದವರೇ ಇಲ್ಲ. ಎದುರು ಮನೆಯವರು ಥಾಯ್ಲೆಂಡ್ ನೋಡಿ ಬಂದು ಮನೆಮನೆಗೆ ಆನೆಯ ಗೊಂಬೆ ಹಂಚಿದರು. ಪಕ್ಕದ ಮನೆಯ ಪದ್ಮಾ ದುಬೈನಿಂದ ಖರ್ಜೂರ ತಂದಳು. ಮೈಸೂರು ಬಿಟ್ಟರೆ ನಂಜನಗೂಡು, ನಂಜನಗೂಡು ಬಿಟ್ಟರೆ ಮೈಸೂರು ಎಂದು ಬದುಕಿದ ನಾನು ಈ ಸಲ ಸಿಂಧನೂರಿಗೆ ಹೋಗಿ ಬಂದೆ. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ, ಅಷ್ಟೇ. ಉಳಿದಂತೆ ಮಾತು ಬೇರೆ, ಬಿಸಿಲು ಬೇರೆ, ಊಟ ಬೇರೆ. ನಾನು ಹಂಚಲು ತಂದದ್ದು ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ. ಅದನ್ನು ನೆಕ್ಕಿದ ಪದ್ಮಾ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಬೀದಿಗೆ ಅಂಥ ಉಪಕಾರವನ್ನು ಯಾವ ದೇಶದ ಸಾಮಾನೂ ಈವರೆಗೆ ಮಾಡಿರಲಿಲ್ಲ.

ನಾನು ಹೋದದ್ದು ಊರು ನೋಡಲು ಅಲ್ಲ, ನನ್ನ ತಮ್ಮ ಮಂಜುವಿನ ಮದುವೆ ಮಾತಿಗೆ. ಅಮ್ಮ ತೀರಿಕೊಂಡಾಗ ಅವನಿನ್ನೂ ಸ್ಕೂಲಿಗೆ ಹೋಗುತ್ತಿದ್ದ. ತಲೆ ಬಾಚಿ, ಡಬ್ಬಿ ಕಟ್ಟಿ, ಜ್ವರ ಬಂದಾಗ ರಾತ್ರಿಯೆಲ್ಲ ಕೂತು ಬೆಳೆಸಿದವಳು ನಾನು. ಈಗ ಅವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಬಿತ್ತನೆ ಬೀಜದ ಕಂಪನಿಯೊಂದರ ಕೆಲಸದ ಮೇಲೆ ಸಿಂಧನೂರಿಗೆ ಹೋದವನು ಅಲ್ಲೇ ಉಳಿದುಬಿಟ್ಟಿದ್ದ. ಮದುವೆ ಎಂದರೆ ಮಾತು ತಿರುಗಿಸುತ್ತಿದ್ದವನು ಒಂದು ಭಾನುವಾರ ತಾನಾಗಿಯೇ ಫೋನ್ ಮಾಡಿದ.

"ಅಕ್ಕಾ, ಲಿಂಗಸುಗೂರಿನಲ್ಲಿ ಒಬ್ಬರಿದ್ದಾರೆ. ಶರಣಮ್ಮ ಅಂತ. ಅತ್ತೆ ಜೊತೆ ಖಾನಾವಳಿ ನಡೆಸ್ತಾರೆ."

ಖಾನಾವಳಿ ಎಂದರೆ ನಮ್ಮ ಕಡೆಯ ಮೆಸ್ಸು, ಮನೆಯೂಟ ಹಾಕುವ ಹೋಟೆಲು. ಅದು ನನಗೆ ಗೊತ್ತಿತ್ತು. ಅತ್ತೆ ಎಂದದ್ದು ಅರ್ಥವಾಗಲಿಲ್ಲ.

"ಗಂಡ ತೀರಿಕೊಂಡು ಬಹಳ ವರ್ಷ ಆಯ್ತಕ್ಕ. ಅತ್ತೆಯನ್ನ ಬಿಟ್ಟು ತೌರಿಗೆ ಹೋಗಲಿಲ್ಲ. ಈಗ ಎಲ್ಲ ಅತ್ತೆ ಕೈಯಲ್ಲಿದೆ. ಅಮರಮ್ಮ ಅಂತ. ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಶರಣಮ್ಮ ಇನ್ನೊಂದು ಮಾತಾಡಲ್ಲ. ನಿನ್ನನ್ನ ಊಟಕ್ಕೆ ಕರೆದಿದ್ದಾರೆ."

ವಿಧವೆ ಎಂಬುದು ನನಗೆ ಅಡ್ಡಿಯಾಗಲಿಲ್ಲ. ಈ ವಯಸ್ಸಿನಲ್ಲಿ ತಮ್ಮನಿಗೊಬ್ಬ ಜೊತೆ ಸಿಕ್ಕಿದರೆ ಸಾಕಾಗಿತ್ತು. ಫೋನ್ ಇಡುವಷ್ಟರಲ್ಲಿ ಮನಸ್ಸಿನಲ್ಲೇ ತಮ್ಮನನ್ನೂ ಅವಳನ್ನೂ ನಮ್ಮ ಮಹಡಿಯ ಮನೆಯಲ್ಲಿ ಇಳಿಸಿ, ಕಿಟಕಿಗೆ ಪರದೆಯ ಬಣ್ಣವನ್ನೂ ಆರಿಸಿಯಾಗಿತ್ತು. ಮೈಸೂರಿಗೆ ಬರುತ್ತೀರಾ ಎಂದು ಯಾರನ್ನಾದರೂ ಕೇಳಬೇಕು ಎಂದು ಮೈಸೂರಿನವರಿಗೆ ಹೊಳೆಯುವುದೇ ಇಲ್ಲ.

ಸಿಂಧನೂರು

ಸಿಂಧನೂರಿನಲ್ಲಿ ಗಾಳಿಗೂ ಭತ್ತದ ವಾಸನೆ. ರೈಸ್‌ಮಿಲ್ಲಿನ ತೌಡು ಹಾರಿ ಬಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಕನ್ನಡಕದ ಮೇಲೆ ಕೂರುತ್ತದೆ. ಆಟೋದವರು, ಗೊಬ್ಬರದ ಅಂಗಡಿಯವರು, ಎತ್ತಿನ ಹಗ್ಗ ಮಾರುವ ಅಜ್ಜ, ಎಲ್ಲರಿಗೂ ನನ್ನ ತಮ್ಮ ಗೊತ್ತು. "ಮಂಜಣ್ಣ, ಅಕ್ಕಾರು ಬಂದಾರೇನ?" ಎಂದು ಎಲ್ಲರೂ ಕೇಳಿದರು. ನಾನು ಬರುವ ಸುದ್ದಿ ಪೇಪರಿನಲ್ಲಿ ಬಂದಿತ್ತೇನೋ ಎಂದುಕೊಂಡೆ. ನಮ್ಮ ಬೀದಿಯಲ್ಲಿ ಇಪ್ಪತ್ತು ವರ್ಷವಿದ್ದವರ ಹೆಸರೂ ಕರೆಂಟು ಬಿಲ್ ಅದಲುಬದಲಾದಾಗಲೇ ತಿಳಿಯುವುದು.

ಬೆಳಿಗ್ಗೆ ತಿಂಡಿಗೆ ಮಂಡಕ್ಕಿಯ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಇಷ್ಟು ಬೆಳಿಗ್ಗೆ ಬಜ್ಜಿ ತಿನ್ನುವ ಜನರನ್ನು ನಾನು ನೋಡಿರಲಿಲ್ಲ. ಡಾಕ್ಟರು ನೋಡಿದರೆ ಏನನ್ನುತ್ತಾರೆ ಎಂದು ತಮ್ಮನನ್ನು ಕೇಳಿದೆ. ಅವನು ಮೂಲೆಯ ಮೇಜು ತೋರಿಸಿದ. ಅಲ್ಲಿ ಕೂತು ಎರಡನೆಯ ತಟ್ಟೆ ತರಿಸಿಕೊಳ್ಳುತ್ತಿದ್ದವರೇ ಡಾಕ್ಟರು.

ಮಧ್ಯಾಹ್ನ ಆಂಧ್ರ ಮೆಸ್ಸು. ಕಾಲುವೆಯ ನೀರು ಬಂದ ಕಾಲದಲ್ಲಿ ಆ ಕಡೆಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿ ಗದ್ದೆ ಮಾಡಿದವರ ಪೈಕಿ ಯಾರದ್ದೋ ಮೆಸ್ಸು ಅದು. ಅನ್ನ, ಪಪ್ಪು, ಗೋಂಗುರ, ಮತ್ತೆ ಅನ್ನ. ಬಡಿಸುವವರು ಹೆಗಲ ಮೇಲೆ ಟವೆಲು ಹಾಕಿಕೊಂಡ ಹಿರಿಯರು. ತಟ್ಟೆಯ ತಳ ಕಂಡರೆ ಅವರಿಗೆ ಸಂಕಟ, ತಕ್ಷಣ ಅನ್ನ ತಂದು ಮುಚ್ಚುತ್ತಿದ್ದರು.

ಇಲ್ಲಿ ನನ್ನ ತಟ್ಟೆಯ ವಿಷಯ ಹೇಳಬೇಕು. ಪರಊರಿಗೆ ಹೊರಟರೆ ನನ್ನ ಸ್ಟೀಲಿನ ತಟ್ಟೆ, ಲೋಟ, ಚಮಚ ಟವೆಲಿನಲ್ಲಿ ಸುತ್ತಿಕೊಂಡು ಜೊತೆಗೆ ಬರುತ್ತವೆ. ಅಂಚಿನಲ್ಲಿ 'ಲಲಿತಾ' ಎಂದು ಹೆಸರು ಕೊರೆಸಿದೆ. ಇದು ಅಮ್ಮನಿಂದ ಬಂದ ಅಭ್ಯಾಸ. ಎಂಜಲು, ಮುಸುರೆ ಎಂದು ಅಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನಾನು ಹಾಗೆ ಹೇಳುವುದಿಲ್ಲ, ಹೊಟ್ಟೆ ಸೂಕ್ಷ್ಮ ಎನ್ನುತ್ತೇನೆ. ಮೆಸ್ಸಿನಲ್ಲಿ ಅದನ್ನು ತೆಗೆದಿಟ್ಟಾಗ ಮಂಜು ಗೋಡೆ ನೋಡಿದ. ಬಡಿಸುವ ಹಿರಿಯರು ಮಾತ್ರ ಖುಷಿಪಟ್ಟರು.

"ತಾಟು ಮನಿಲಿಂದ ತಂದೀರೇನ್ರಿ ಅಕ್ಕಾರ? ಭಲೇ ಆತು, ನಮಗ ತೊಳೆಯೋ ಕೆಲಸ ಇಲ್ಲ. ನಾಳಿಂದ ಎಲ್ಲಾರೂ ಹಿಂಗ ತರ್ರಿ ಅಂತ ಬೋರ್ಡ್ ಹಾಕ್ತೀನಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಂಜು ನಗಲಿಲ್ಲ. ಹೊರಗೆ ಬಂದ ಮೇಲೆ, "ಅಕ್ಕಾ, ನಾಳೆ ಅಲ್ಲಿ ಇದನ್ನ ಚೀಲದಲ್ಲೇ ಇಡ್ತೀಯಾ?" ಎಂದು ಕೇಳಿದ. ಅವನು ನನ್ನನ್ನು ಏನಾದರೂ ಕೇಳುವುದೇ ಅಪರೂಪ. ಇಡುತ್ತೇನೆ ಎಂದು ಮಾತು ಕೊಟ್ಟೆ.

ಮಸ್ಕಿ

ಮಾರನೆಯ ಬೆಳಿಗ್ಗೆ ಲಿಂಗಸುಗೂರಿನ ಬಸ್ಸು. ಕಿಟಕಿಯ ಆಚೆ ಬಹಳ ದೂರದವರೆಗೆ ಹಸಿರು ಗದ್ದೆ, ಕೆಸರಿನಲ್ಲಿ ಬಗ್ಗಿದ ಹೆಂಗಸರು, ಕಾಲುವೆಯ ಏರಿ ಮೇಲೆ ಬೆಳ್ಳಕ್ಕಿ. ನಮ್ಮ ಮಂಡ್ಯದ ಕಡೆಗೆ ಬಂದೆನೇನೋ ಅನ್ನಿಸುವಂತಿತ್ತು. ಬಸ್ಸಿನಲ್ಲಿ ಮಂಜು, ಶರಣಮ್ಮನ ಪರಿಚಯವಾದದ್ದು ಹೇಗೆಂದು ನಾಚಿಕೊಂಡು ಹೇಳಿದ.

ಕೆಲಸಕ್ಕೆ ಲಿಂಗಸುಗೂರಿಗೆ ಹೋದಾಗೆಲ್ಲ ಅವನ ಊಟ ಆ ಖಾನಾವಳಿಯಲ್ಲಿ. ಒಂದು ದಿನ ಹೋಗುವಷ್ಟರಲ್ಲಿ ಊಟ ಮುಗಿದು ಬಾಗಿಲು ಅರ್ಧ ಹಾಕಿತ್ತಂತೆ. ಮನೆಯವರು ಒಳಗೆ ದೊಡ್ಡ ಪರಾತದ ಸುತ್ತ ಕೂತು ಉಣ್ಣುತ್ತಿದ್ದರು. ಗಿರಾಕಿಗಳಿಗೆಲ್ಲ ಬೇರೆ ಬೇರೆ ತಾಟು, ಮನೆಮಂದಿಗೆ ಮಾತ್ರ ಎಲ್ಲರಿಗೂ ಸೇರಿ ಆ ಒಂದು ಅಗಲದ ತಾಟು. ಅದು ಆ ಮನೆಯ ಪದ್ಧತಿ. ಅಮರಮ್ಮ ಇವನ ಮುಖ ನೋಡಿ, "ಬ್ಯಾರೆ ಬಡಸಾಕ ಏನೂ ಉಳದಿಲ್ಲಪಾ. ಹಸಿವಿದ್ರ ನಮ್ಮ ತಾಟಿನ್ಯಾಗ ಕುಂದ್ರು" ಎಂದರಂತೆ. ಇವನು ಕೂತ. ಆಮೇಲೆ ಬೇಕೆಂದೇ ತಡವಾಗಿ ಹೋಗತೊಡಗಿದ.

"ನೀನು ಅವರ ತಟ್ಟೆಯಲ್ಲಿ ಕೈ ಹಾಕಿ ತಿಂದೆಯಾ?" ಎಂದೆ.

"ತಿಂದೆ ಅಕ್ಕಾ. ನೀನು ಕಲಸಿ ತುತ್ತು ಕೊಡ್ತಿದ್ದೆಯಲ್ಲ, ಆಮೇಲೆ ಹಾಗೆ ಯಾರ ಜೊತೆಗೂ ಕೂತಿರಲಿಲ್ಲ."

ಮಸ್ಕಿಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ ಎಂದರು. ಅವತ್ತು ಸಂತೆ. ಟೀ ಕುಡಿಯಲು ಇಳಿದವಳು ನಾನು, ಸಂತೆಯೊಳಗೆ ನುಗ್ಗಿಬಿಟ್ಟೆ. ರಾಶಿ ರಾಶಿ ಬಿಳಿಜೋಳ, ಸಜ್ಜೆ, ಕೆಂಪು ಮೆಣಸಿನಕಾಯಿ. ಅಶೋಕನ ಶಾಸನವಿರುವ ಬೆಟ್ಟ ಅದೇ ಎಂದು ಮಂಜು ಬೆರಳು ತೋರಿಸಿದ. ನಾನು ಅತ್ತ ಅರ್ಧ ಕಣ್ಣು ಹಾಕಿ ಕುಸುಬೆ ಎಣ್ಣೆ ಮಾರುವವಳ ಜೊತೆ ಮಾತಿಗೆ ನಿಂತೆ. ಆಕೆಗೆ ನನ್ನ ಕನ್ನಡ ಕೇಳಿ ಬಹಳ ನಗು. "ಇನ್ನೊಮ್ಮೆ ಹೇಳ್ರಿ, ಇನ್ನೊಮ್ಮೆ ಹೇಳ್ರಿ" ಎಂದು ಪಕ್ಕದವರನ್ನೂ ಕರೆದಳು. ನಾನು 'ಎಷ್ಟಮ್ಮ' ಎಂದು ಮತ್ತೆ ಮತ್ತೆ ಹೇಳುತ್ತ ನಿಂತಿರುವಾಗ ಬಸ್ಸು ಹೊರಟುಹೋಯಿತು. ಕಂಡಕ್ಟರು ಕೂಗಿ ಕೂಗಿ ಸಾಕಾಗಿದ್ದರಂತೆ.

ಬಸ್ಸಿನ ಜೊತೆ ನನ್ನ ಕೈಚೀಲವೂ ಹೋಯಿತು. ಅದರಲ್ಲಿ ಅಮರಮ್ಮನಿಗೆಂದು ತಂದ ಮೈಸೂರುಪಾಕು, ಒಂದು ಸೀರೆ, ಟವೆಲಿನಲ್ಲಿ ಸುತ್ತಿದ ತಟ್ಟೆ. ನಮ್ಮೂರಾಗಿದ್ದರೆ ಚೀಲಕ್ಕೆ ಅಲ್ಲೇ ಕೈ ಮುಗಿದು ಮನೆಗೆ ಹೋಗಬೇಕಿತ್ತು. ಮಂಜು ಗಾಬರಿಯಾಗದೆ ಕಂಡಕ್ಟರಿಗೆ ಫೋನ್ ಮಾಡಿದ. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಚೀಲ ನನ್ನ ಹಂತ್ಯಾಕ ಐತ್ರಿ ಮಂಜಣ್ಣ. ನಾ ಹ್ಯಾಂಗೂ ಊಟಕ್ಕ ಅಮರಮ್ಮನ ಖಾನಾವಳಿಗೆ ಹೊಂಟೀನಿ. ಅಲ್ಲೇ ಕೊಟ್ಟಿರ್ತೀನಿ ಬಿಡ್ರಿ. ಅಕ್ಕಾರಿಗೆ ಸಂತಿ ಮುಗಿಸಿಕೊಂಡು ಆರಾಮ ಬರ್ರಿ ಅನ್ರಿ."

ಎಂಥ ಒಳ್ಳೆಯ ಜನ ಎಂದು ನಾನು ಖುಷಿಪಟ್ಟೆ. ಮಂಜುವಿನ ಮುಖ ಮಾತ್ರ ಸಣ್ಣದಾಗಿತ್ತು. ಮುಂದಿನ ಬಸ್ಸು ಹತ್ತಿದ ಮೇಲಷ್ಟೇ ನನಗೂ ಅರ್ಥವಾಯಿತು. ಚೀಲದಲ್ಲೇ ಇರಬೇಕಿದ್ದ ತಟ್ಟೆ ಚೀಲ ಸಮೇತ ಅವರ ಮನೆಗೇ ಹೋಗುತ್ತಿತ್ತು.

ಮಸ್ಕಿ ದಾಟಿದ ಮೇಲೆ ಗದ್ದೆಗಳು ಕಡಿಮೆಯಾದವು. ತೊಗರಿ, ಹತ್ತಿ, ಕಲ್ಲುಗುಡ್ಡ, ಆಮೇಲೆ ಜೋಳದ ಹೊಲ.

ಲಿಂಗಸುಗೂರು

ಖಾನಾವಳಿ ಇದ್ದದ್ದು ಮನೆಯ ಮುಂದಿನ ಪಡಸಾಲೆಯಲ್ಲಿ. ಬೀದಿಯ ತಿರುವಿನಲ್ಲೇ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಒಳಗೆ ಒಲೆಯ ಮುಂದೆ ಅಮರಮ್ಮ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಕೈ ನಿಲ್ಲಿಸದೆ ತಲೆಯೆತ್ತಿ ನೋಡಿದರು.

"ಬರ್ರಿ ಬಾಯಾರ. ಚೀಲ ಮುಂಚೇನ ಬಂದೈತಿ. ಈಗ ನೀವೂ ಬಂದ್ರಿ, ಛಲೋ ಆತು." ಬಾಯಾರ ಎಂಬುದು ಆ ಕಡೆ ದೂರದ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು.

ಶರಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಕೈಯಲ್ಲಿ ನಾಲ್ಕು ತಾಟು ಹಿಡಿದು ಓಡಾಡುತ್ತಿದ್ದಳು. ಎತ್ತರದ ಹೆಂಗಸು, ಕಣ್ಣಲ್ಲಿ ತುಂಟತನ. ನನ್ನ ಕಾಲು ಮುಟ್ಟಿ ಎದ್ದು, ಮಂಜುವಿನ ಕಡೆ ತಿರುಗಿ, "ಬಸ್ ಬಿಡೋ ಚಟ ನಿಮ್ಮ ಮನಿತನಕ್ಕ ಐತೇನು?" ಎಂದಳು. ಆ ಒಂದು ಮಾತಿಗೇ ಅವಳು ನನಗೆ ಇಷ್ಟವಾಗಿಬಿಟ್ಟಳು.

ಕೈಕಾಲು ತೊಳೆದು ಬಂದೆ. ಗಿರಾಕಿಗಳು ಮೇಜುಗಳಲ್ಲಿ ಒತ್ತಿಕೊಂಡು ಕೂತಿದ್ದರು. ನಡುಮನೆಯ ಬಾಗಿಲ ಪಕ್ಕ ಒಂದು ಪುಟ್ಟ ಮೇಜು ಮಾತ್ರ ಖಾಲಿ. ಅದರ ಮೇಲೆ ನನ್ನ ತಟ್ಟೆ. ಸಿಹಿಗೆ ಇರುವೆ ಮುತ್ತದಿರಲೆಂದು ಚೀಲ ಬಿಚ್ಚಿದ್ದರಂತೆ, ಇದನ್ನೂ ತೆಗೆದು ಚೆನ್ನಾಗಿ ಬೆಳಗಿಟ್ಟಿದ್ದರು. ಪಕ್ಕದಲ್ಲಿ ನನ್ನ ಲೋಟ, ನನ್ನ ಚಮಚ. ಹೆಸರು ಕೊರೆದ ಅಂಚು ನಾನು ಕೂರುವ ಕಡೆಗಿತ್ತು.

ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಮಡಕೆಕಾಳಿನ ಪಲ್ಯ, ಕೆನೆಮೊಸರು, ಹಸಿ ಮೆಂತ್ಯ, ಉಳ್ಳಾಗಡ್ಡಿ, ಎಲ್ಲವನ್ನೂ ಶರಣಮ್ಮ ನನ್ನ ತಟ್ಟೆಗೆ ಮೇಲಿನಿಂದ ತಾಗದಂತೆ ಹಾಕಿದಳು. ಸೌಟು ತಟ್ಟೆಗೆ ಮುಟ್ಟಬಾರದೆಂದು ಅವಳು ಎಚ್ಚರ ವಹಿಸುತ್ತಿದ್ದಳು. ನಿನ್ನೆ ಸಿಂಧನೂರಿನಲ್ಲಿ ಗೋಂಗುರ ಎಂದು ತಿಂದ ಸೊಪ್ಪೇ ಇಲ್ಲಿ ಜೋಳದ ನುಚ್ಚು ಬೆರೆತು ಪುಂಡಿಪಲ್ಯವಾಗಿತ್ತು. ಅಂಥ ರುಚಿಯ ಊಟ ನಾನು ಉಂಡದ್ದು ಕಡಿಮೆ. ಆದರೂ ಎರಡನೆಯ ರೊಟ್ಟಿ ಬೇಡವೆಂದೆ.

ಎದುರಿನ ಮೇಜಿನಿಂದ ಕಂಡಕ್ಟರು ಗುರುತು ಹೇಳಿಕೊಂಡರು. "ಚೀಲ ಮುಟ್ಟತಲ್ರಿ ಅಕ್ಕಾರ? ತಾಟಿನ ಮ್ಯಾಲ ನಿಮ್ಮ ಹೆಸರೂ ಐತಿ. ಎಲ್ಲಿ ಕಳದ್ರೂ ಹೊಳ್ಳಿ ಬರತೈತಿ."

ಮಂಜು ನನ್ನ ಪಕ್ಕ ಕೂತಿದ್ದ, ತಾಟು ತರಿಸಿಕೊಳ್ಳಲಿಲ್ಲ. ಆಮೇಲೆ ಉಣ್ಣುತ್ತೇನೆ ಎಂದ.

ಗಿರಾಕಿಗಳು ಒಬ್ಬೊಬ್ಬರಾಗಿ ಹೋದರು. ಅಮರಮ್ಮ ಕೈ ತೊಳೆದು ಬಂದು ನನ್ನೆದುರು ಕೂತರು.

"ಬಾಯಾರ, ಸಿಟ್ಟಿಗಿ ಬರಬ್ಯಾಡ್ರಿ. ನಿಮ್ಮ ನೇಮ ನಿಮಗ ದೊಡ್ಡದು, ನಾ ಅದಕ್ಕ ಹೆಸರಿಡಂಗಿಲ್ಲ. ಆದ್ರ ನಮ್ಮ ಹುಡುಗಿ ಎಲ್ಲಾರ ಕೂಡ ಒಂದ ತಾಟಿನ್ಯಾಗ ಉಣ್ಣಾಕಿ. ನಿಮ್ಮ ಮನ್ಯಾಗ ಆಕಿ ತಾಟು ಎಲ್ಲಿಡ್ತೀರಿ?"

"ಅದು ಹಾಗಲ್ಲ ಅಮ್ಮ, ನನ್ನ ಹೊಟ್ಟೆ ಸ್ವಲ್ಪ ಸೂಕ್ಷ್ಮ..."

"ಹೊಟ್ಟಿಗಿ ತಾಟು ಏನ್ ಮಾಡತೈತ್ರಿ? ಒಳಗ ಹೋಗೋದು ರೊಟ್ಟಿ."

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಅದು.

"ಅವ್ವಾರ, ಅಕ್ಕನ ಮನಸ್ನ್ಯಾಗ ಏನೂ ಇಲ್ಲ" ಎಂದು ಮಂಜು ಬಾಯಿ ಹಾಕಿದ.

"ನೀ ಸುಮ್ನ ಕುಂದ್ರಪಾ. ಆಕಿ ಮನಸ್ನ್ಯಾಗಿಂದು ನಿನಗೇನ್ ಗೊತ್ತು, ಆಕಿಗೇ ಗೊತ್ತಿಲ್ಲ" ಎಂದು ಅಮರಮ್ಮ ಎದ್ದರು. ಒಂದೂ ಬಿರುಸಿನ ಮಾತಿಲ್ಲದೆ ಮಾತುಕತೆ ಮುಗಿದುಹೋಗಿತ್ತು.

ನಡುಮನೆಯಲ್ಲಿ ಪರಾತ ಇಟ್ಟರು. ಅಮರಮ್ಮ, ಶರಣಮ್ಮ, ಪಾತ್ರೆ ತೊಳೆಯುವ ದುರುಗಮ್ಮ ಸುತ್ತ ಕೂತರು. ದುರುಗಮ್ಮ ಎಂದಿನಂತೆ, "ಮಂಜಣ್ಣ, ಬರ್ರಿ" ಎಂದು ಕರೆದಳು. ಮಂಜು ಎದ್ದು ಹೊಸ್ತಿಲವರೆಗೆ ಹೋದ. ಹಿಂತಿರುಗಿ ನನ್ನನ್ನು ನೋಡಿದ. ಅತ್ತ ಹೋಗಿ ಕೂತರೆ ನಾನು ಒಬ್ಬಳೇ. ನನ್ನ ಪಕ್ಕ ಬಂದು ಕೂತರೆ ಆ ಮನೆಯ ಊಟ ಅವನಿಗೆ ಇನ್ನಿಲ್ಲ. "ಹಸಿವಿಲ್ಲ" ಎಂದು ಅಲ್ಲೇ ಹೊಸ್ತಿಲ ಮೇಲೆ ಕೂತ. ಬೆಳಗಿನಿಂದ ಒಂದು ಟೀ ಬಿಟ್ಟರೆ ಅವನು ಏನೂ ತಿಂದಿರಲಿಲ್ಲ.

ಶರಣಮ್ಮ ತಲೆ ಎತ್ತಲಿಲ್ಲ. ರೊಟ್ಟಿ ಮುರಿದವಳು ಬಾಯಿಗಿಡದೆ ಹಾಗೇ ಹಿಡಿದಿದ್ದಳು. ನನಗೆ ಅಳು ಬಂತು. ಈ ಮನುಷ್ಯನಿಗೆ ಹಸಿವಾದರೆ ಮುಖ ಹೇಗಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಎದ್ದು ಹೋಗಿ ಪರಾತದ ಮುಂದೆ ಕೂತೆ. ಮಂಡಿ ನೋವಿದೆ, ನೆಲದ ಮೇಲೆ ಕೂರುವುದು ನನಗೆ ಸುಲಭವಲ್ಲ. ಯಾರೂ ಸರಿಯಲಿಲ್ಲ. ಕೊನೆಗೆ ಶರಣಮ್ಮ ತನ್ನ ಮಂಡಿ ಸ್ವಲ್ಪ ಹಿಂದಕ್ಕೆಳೆದು ಜಾಗ ಮಾಡಿದಳು. "ಬಾರೋ, ಕೂತ್ಕೋ" ಎಂದು ತಮ್ಮನನ್ನು ಕರೆದೆ. ಅವನು ಬಂದು ಕೂತ. ಅಮರಮ್ಮನ ಮುಂದಿದ್ದ ರೊಟ್ಟಿಯ ಅಂಚು ಮುರಿದು, ಕೈಗೆ ಸಿಕ್ಕ ಕೆಂಪಗಿನದರಲ್ಲಿ ಅದ್ದಿ ಬಾಯಿಗಿಟ್ಟೆ.

ಅದು ಅವರ ಮನೆಮಂದಿಯ ಖಾರ. ಗಿರಾಕಿಗಳಿಗೆ ಕೊಡುವುದಲ್ಲವಂತೆ. ಕಣ್ಣು ಕತ್ತಲೆಗಟ್ಟಿತು. ಕಿವಿಯಲ್ಲಿ ಗುಂಯ್ ಎಂದಿತು. ಆಮೇಲೆ ಬಿಕ್ಕಳಿಕೆ ಶುರುವಾಯಿತು ನೋಡಿ, ಮೈಯೆಲ್ಲ ಕುಲುಕಿಸುವಂಥ ಬಿಕ್ಕಳಿಕೆ. ಅಮರಮ್ಮ ತಾವು ಅರ್ಧ ಕುಡಿದಿಟ್ಟಿದ್ದ ಮಜ್ಜಿಗೆಯ ತಂಬಿಗೆ ನನ್ನ ಕೈಗೆ ತುರುಕಿದರು. ಎತ್ತಿ ಕುಡಿಯಲು ಹೋದೆ. ಬಿಕ್ಕಳಿಕೆಯ ಜೊತೆ ಅದು ಆಗುವ ಮಾತಲ್ಲ. ಅರ್ಧ ಮಜ್ಜಿಗೆ ಮೂಗಿಗೆ, ಉಳಿದದ್ದು ಸೀರೆಗೆ. ಕೊನೆಗೆ ತಂಬಿಗೆಯನ್ನು ತುಟಿಗಿಟ್ಟು ಗಟಗಟ ಕುಡಿದೆ.

ದುರುಗಮ್ಮ ಮೊದಲು ನಕ್ಕಳು. ಆಮೇಲೆ ಶರಣಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದರೂ ತಡೆಯಲಾಗದೆ ನಕ್ಕಳು. ಮಂಜು ನನ್ನ ಬೆನ್ನು ತಟ್ಟುತ್ತ ನಕ್ಕ. ನಾನೂ ಅತ್ತು, ನಕ್ಕು, ಬಿಕ್ಕಿ ಮುಖ ಒರೆಸಿಕೊಂಡೆ. ಅಮರಮ್ಮ ಮಾತ್ರ ನಗಲಿಲ್ಲ. ತಂಬಿಗೆ ತಿರುಗಿ ಇಸಿದುಕೊಂಡು, ತಳದಲ್ಲಿ ಉಳಿದಿದ್ದ ಎರಡು ಗುಟುಕು ತಾವು ಕುಡಿದು ಕೆಳಗಿಟ್ಟರು.

"ಈಗ ಕೇಳತೀನಿ ನೋಡು ಯವ್ವಾ" ಎಂದರು. ಬಾಯಾರ ಎನ್ನುವುದು ಎಲ್ಲಿ ಬಿಟ್ಟುಹೋಯಿತೋ. "ನನ್ನ ಸೊಸಿ ಮೈಸೂರಿಗೆ ಬರಂಗಿಲ್ಲ. ನಾ ಕಳಸಾಂಗಿಲ್ಲ ಅಂತಲ್ಲ, ಆಕೀನ ಒಲ್ಲೆ ಅಂತಾಳ. ಈ ಒಲಿ, ಈ ಮಂದಿ ಆಕಿಗಿ ಬೇಕು. ನನಗೂ ಒಬ್ಬ ಮಗ ಇದ್ದ. ಅವ ಹೋದಮ್ಯಾಲ ಈ ತಾಟಿನ ಮುಂದ ಗಂಡಸ ಮಗ ಅಂತ ಕುಂತಾಂವ ನಿನ್ನ ತಮ್ಮ ಒಬ್ಬನ. ನೀ ಸಾಕಿದಾಕಿ, ಅದಕ್ಕ ನಿನ್ನ ಕೇಳಾಕತ್ತೀನಿ. ಅವನ್ನ ನನಗ ಕೊಡ್ತೀಯೇನಬೇ?"

ಹೆಣ್ಣು ಕೇಳಲು ಬಂದವಳು ನಾನು. ಸೀರೆ, ಸಿಹಿ ಹಿಡಿದುಕೊಂಡು, ಅವಳನ್ನು ಕರೆದೊಯ್ಯುವ ಸಡಗರದಲ್ಲಿ ಬಂದವಳು. ಗಂಡನ್ನು ನನ್ನಿಂದ ಕೇಳಿಯಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಕೊಡುವುದಿಲ್ಲ ಎನ್ನಬೇಕೆಂದು ಒಂದು ಕ್ಷಣ ಜೋರಾಗಿ ಅನ್ನಿಸಿತು. ಇವನು ನನ್ನವನು. ಮಂಜು ನನ್ನ ಮುಖ ನೋಡುತ್ತಿರಲಿಲ್ಲ. ತಲೆ ತಗ್ಗಿಸಿಕೊಂಡು, ಶರಣಮ್ಮ ತನ್ನ ಕಡೆಗೆ ತಳ್ಳಿದ ರೊಟ್ಟಿಯನ್ನು ಮುರಿದು ಗಬಗಬನೆ ತಿನ್ನುತ್ತಿದ್ದ, ಚಿಕ್ಕವನಿದ್ದಾಗ ತಿನ್ನುತ್ತಿದ್ದ ಹಾಗೆಯೇ.

"ಕೊಟ್ಟೆ" ಎಂದೆ. ಬಿಕ್ಕಳಿಕೆ ಇನ್ನೂ ನಿಂತಿರಲಿಲ್ಲ. ಆ ಒಂದು ಮಾತು ನಡುವೆ ಮುರಿದು ಅರ್ಧ ಮಾತ್ರ ಹೊರಗೆ ಬಂತು.

ಅಮರಮ್ಮ ನನ್ನ ಮಂಡಿಯ ಮೇಲೆ ಕೈಯಿಟ್ಟರು. "ಪೂರಾ ಅನ್ನು ಯವ್ವಾ. ಅರ್ಧ ಕೊಟ್ರ ನಾ ಒಲ್ಲೆ."

ಉಸಿರು ಬಿಗಿಹಿಡಿದು ಇನ್ನೊಮ್ಮೆ ಹೇಳಿದೆ.